60 ತಿಂಗಳ ಲೆಕ್ಕ ನೀನೂ ಹಾಕು

ಫ್ರೀಮಾಂಟ್
ಭಾನುವಾರ

ಪ್ರೀತಿಯ ಪುಟ್ಟಿ,

ದೊಡ್ಡಮ್ಮನ ಆಶೀರ್ವಾದ. ನಿನ್ನೆ ಫೋನಿನಲ್ಲಿ ನೀನು ಅತ್ತಿದ್ದು ಕೇಳಿ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಕೌಂಟಿಯಿಂದ ಬಂದ ಕಾಗದವನ್ನು ಅಕ್ಕಿ ಡಬ್ಬದ ಕೆಳಗೆ ಇಟ್ಟಿದ್ದೀನಿ ಅಂದೆಯಲ್ಲ, ಮೊದಲು ಅದನ್ನು ತೆಗೆದು ತಾರೀಕು ನೋಡು. ನಿನ್ನ ಕ್ಯಾಲ್‌ವರ್ಕ್ಸ್ ಹಣ, ಅಂದರೆ ಮಕ್ಕಳಿರುವ ಬಡ ಮನೆಗೆ ಕ್ಯಾಲಿಫೋರ್ನಿಯಾ ಸರ್ಕಾರ ಕೊಡುವ ನೆರವು, ಯಾವತ್ತು ನಿಲ್ಲುತ್ತದೆ ಅಂತ ಅದರಲ್ಲೇ ಇರುತ್ತದೆ. ಆ ದಿನಕ್ಕೆ ಮೊದಲೇ ಹಿಯರಿಂಗ್, ಅಂದರೆ ಕೌಂಟಿಯ ತೀರ್ಮಾನದ ಮೇಲೆ ವಿಚಾರಣೆ, ಕೇಳಿದರೆ ತೀರ್ಪು ಬರುವವರೆಗೆ ಹಣ ಬರುತ್ತಿರುತ್ತದೆ. ಸೋತರೆ ಆ ಹಣವನ್ನು ಅವರು ವಾಪಸ್ ಕೇಳಬಹುದು, ಅದು ಗೊತ್ತಿರಲಿ. ಹಿಯರಿಂಗ್ ಕೇಳುವುದಕ್ಕೆ 90 ದಿನ ಇದೆ ನಿಜ, ಆದರೆ ತಡ ಮಾಡಿದರೆ ನಡುವೆ ಬಾಡಿಗೆಗೆ ಏನು ಮಾಡ್ತೀಯ?

ದೊಡ್ಡವರಿಗೆ ಒಟ್ಟು 60 ತಿಂಗಳು ಮಾತ್ರ ಈ ಹಣ, ನಿನ್ನದು ತುಂಬಿತು ಅಂತ ತಾನೇ ಅವರು ನಿಲ್ಲಿಸುತ್ತಿರುವುದು? ಆಮೇಲೆ ಒಂದು ಹಾಳೆ ತಗೋ. ಚೌಕಾಬಾರಕ್ಕೆ ಮನೆ ಬರೆಯುತ್ತಿದ್ದೆವಲ್ಲ, ಹಾಗೆ 60 ಮನೆ ಬರೆ. ತಿಂಗಳಿಗೊಂದು ಮನೆ. ಗಂಡನ ಏಟಿಗೆ ಹೆದರಿ ನೀನು ಮಕ್ಕಳನ್ನು ಕಟ್ಟಿಕೊಂಡು ಶೆಲ್ಟರ್‌ನಲ್ಲಿದ್ದ ತಿಂಗಳುಗಳಿಗೆ ಕೆಂಪು ಬಳಿ. ಬೆನ್ನು ನೋವಿಗೆ ಡಾಕ್ಟರು ಕೆಲಸ ಬೇಡ ಅಂದಿದ್ದ ತಿಂಗಳುಗಳಿಗೂ ಬಳಿ. ಇಂಥ ತಿಂಗಳನ್ನು ಲೆಕ್ಕದಿಂದ ಬಿಡಿಸಿ ಅಂತ ಕೇಳುವ ಹಕ್ಕು ನಿನಗಿದೆ. ಆದರೆ ಬಾಯಿಬಿಟ್ಟು ಕೇಳಬೇಕು, ಬರೆದು ಕೊಡಬೇಕು. ಈಗಲೂ ಮೈ ಸರಿಯಿಲ್ಲದೆ ಕೆಲಸ ಆಗುತ್ತಿಲ್ಲ ಅಂದರೆ 60 ತುಂಬಿದ ಮೇಲೂ ಮುಂದುವರಿಸಿ ಅಂತ ಅರ್ಜಿ ಹಾಕಬಹುದು.

ಗಂಡ ಹೊಡೆದದ್ದನ್ನು ನೀನು ಯಾರಿಗೂ ಹೇಳಲಿಲ್ಲ. ಮರ್ಯಾದೆ ಅಂತ ಸುಮ್ಮನಿದ್ದೆ. ಪೊಲೀಸ್ ರಿಪೋರ್ಟ್ ಇಲ್ಲ, ಯಾರು ನಂಬ್ತಾರೆ ಅಂತ ಕೇಳಿದೆ. ಕಂದ, ಕ್ಯಾಲಿಫೋರ್ನಿಯಾ ಕಾನೂನಿನಲ್ಲಿ ನೀನು ಪ್ರಮಾಣ ಮಾಡಿ ಬರೆದು ಕೊಟ್ಟ ಹೇಳಿಕೆಯೇ ಸಾಕು. ನಂಬದಿರಲು ಕೌಂಟಿಯವರಿಗೆ ಬೇರೆ ಕಾರಣ ಇದ್ದರೆ ಅದನ್ನು ಅವರೇ ಬರೆದು ತೋರಿಸಬೇಕು. ಇಡೀ ದೇಶಕ್ಕೆ 60 ತಿಂಗಳ ಮಿತಿ ತಂದ 1996ರ ಕಾನೂನಿನಲ್ಲೇ ಏಟು ತಿಂದ ಹೆಂಗಸರಿಗೆ ವಿನಾಯಿತಿಗೆ ಜಾಗ ಇಟ್ಟಿದ್ದಾರೆ. ನೀನು ಯಾರ ಹತ್ತಿರವೂ ಬೇಡುತ್ತಿಲ್ಲ.

ಇಂಗ್ಲಿಷಿನಲ್ಲಿ ಆ ಮಾತು ಬರದಿದ್ದರೆ ಕನ್ನಡದ ದುಭಾಷಿ ಬೇಕು ಅಂತ ಕೇಳು, ದುಡ್ಡು ಕೊಡಬೇಕಾಗಿಲ್ಲ. ಮಗಳನ್ನು ಮಾತ್ರ ಅದಕ್ಕೆ ಕೂರಿಸಬೇಡ. ಅವಳು ಆ ರಾತ್ರಿಗಳನ್ನು ಮತ್ತೆ ತನ್ನ ಬಾಯಲ್ಲೇ ಹೇಳುವುದು ಬೇಡ.

ಒಂದು ವೇಳೆ ನಿನ್ನ ಪಾಲು ನಿಂತರೂ ಮಕ್ಕಳ ಪಾಲಿನ ಹಣ ಬರುತ್ತದೆ. ಈ ಮಿತಿ ದೊಡ್ಡವರಿಗೆ ಮಾತ್ರ. ಈ ಒಂದು ಹೆದರಿಕೆಯಾದರೂ ಬಿಡು.

ಮಂಗಳವಾರ ನಾನೇ ಬರ್ತೀನಿ. ಆ ಹಾಳೆ, ಡಾಕ್ಟರ ಚೀಟಿ, ಕೌಂಟಿ ಕಾಗದ ಎಲ್ಲ ಒಂದೇ ಚೀಲದಲ್ಲಿ ಇಟ್ಟಿರು. ಎಲ್ಲದಕ್ಕೂ ಎರಡು ಕಾಪಿ ತೆಗೆಸೋಣ, ನಮ್ಮ ಕಾಪಿಯ ಮೇಲೆ ಕೌಂಟಿ ಆಫೀಸಿನ ಸೀಲು ಹಾಕಿಸಿಕೊಂಡೇ ಬರೋಣ.

ನಿನ್ನ
ದೊಡ್ಡಮ್ಮ