ಹೊಸಬರಿಗೆ ಮೊದಲ ಕೋಟ್ ಬಣ್ಣದ ಫೋಟೋ ತೋರಿಸಿ

ಸಂಪಾದಕರೇ,

ಯುದ್ಧದಾಟದ ಪುಟಾಣಿ ಗೊಂಬೆಗಳಿಗೆ ಬಣ್ಣ ಹಚ್ಚುವ ಬಗ್ಗೆ ನಿಮ್ಮ ಹವ್ಯಾಸದ ಪುಟದಲ್ಲಿ ಬಂದ ಬರಹ ಓದಿ ತುಂಬಾ ಖುಷಿಯಾಯಿತು. ಆದರೆ ಜೊತೆಗೆ ಹಾಕಿದ ಫೋಟೋಗಳೆಲ್ಲ ಕೈ ಪಳಗಿದವರ ಕೆಲಸ. ಅವನ್ನು ನೋಡಿ ಹೊಸಬರು ‘ಇದು ನಮ್ಮಿಂದ ಆಗುವಂಥದ್ದಲ್ಲ’ ಅಂತ ಶುರು ಮಾಡುವ ಮೊದಲೇ ಬಿಟ್ಟುಬಿಡುತ್ತಾರೇನೋ ಅನ್ನಿಸಿತು, ಅದಕ್ಕೇ ಬರೆಯುತ್ತಿದ್ದೇನೆ. ಚಿತ್ರ ಬರೆಯಲು ಬರಬೇಕು, ಕೈ ಸ್ವಲ್ಪವೂ ನಡುಗಬಾರದು ಅನ್ನುವುದೆಲ್ಲ ಆಮೇಲಿನ ಮಾತು. ನಾನು ನೋಡಿದ ಮಟ್ಟಿಗೆ ಹೊಸಬರ ಗೊಂಬೆ ಕೆಡುವುದು ಜಾಸ್ತಿ ಒಂದೇ ಕಾರಣಕ್ಕೆ. ಬಣ್ಣ ದಪ್ಪವಾಗಿರುತ್ತದೆ.

ನಾನು ಮೊದಲು ಬಣ್ಣ ಹಚ್ಚಿದ್ದು ಭರ್ಜಿ ಹಿಡಿದ ಒಬ್ಬ ಸಿಪಾಯಿಗೆ. 28 ಮಿಲಿಮೀಟರ್ ಅಳತೆಯವನು, ಅಂದರೆ ನಿಂತರೆ ಮೂರು ಸೆಂಟಿಮೀಟರ್ ಆಸುಪಾಸು. ಡಬ್ಬಿಯಿಂದ ಬಣ್ಣವನ್ನು ಹಾಗೇ ತೆಗೆದು ಮುಖಕ್ಕೆ ಬಳಿದೆ, ಒಂದೇ ಸಲಕ್ಕೆ ಪೂರ್ತಿ ಮುಚ್ಚಿತು ಅಂತ ಸಮಾಧಾನವೂ ಆಯಿತು. ಒಣಗಿದ ಮೇಲೆ ನೋಡಿದರೆ ಮೂಗು ಇಲ್ಲ. ತುಟಿಯ ಗೆರೆ ಇಲ್ಲ. ಕಣ್ಣಿನ ಗುಳಿ ತುಂಬಿಹೋಗಿದೆ. ಅಷ್ಟು ಚಿಕ್ಕ ಮುಖದಲ್ಲಿ ಮೂಗು ಎದ್ದಿರುವುದೇ ಒಂದು ಮಿಲಿಮೀಟರಿಗಿಂತ ಕಡಿಮೆ, ಅದರ ಮೇಲೆ ದಪ್ಪ ಬಣ್ಣ ಕೂತರೆ ಉಳಿಯುವುದೇನು? ಎರಡು ದಿನ ಬ್ರಷ್ ಮುಟ್ಟಲು ಮನಸ್ಸಾಗಲಿಲ್ಲ.

ಅಕ್ರಿಲಿಕ್ ಬಣ್ಣಕ್ಕೆ ಸ್ವಲ್ಪ ಸ್ವಲ್ಪವೇ ನೀರು ಸೇರಿಸಿ, ನೀರು ಬೆರೆಸಿದ ಹಾಲಿನ ಹದಕ್ಕೆ ತರಬೇಕು. ಅದ್ದಿದ ಬ್ರಷ್‌ನ್ನು ಒಮ್ಮೆ ಟಿಶ್ಯೂ ಮೇಲೆ ಒರೆಸಿಕೊಂಡು ಆಮೇಲೆ ಗೊಂಬೆಗೆ ತಾಗಿಸಿ, ಇಲ್ಲದಿದ್ದರೆ ಇಳಿದು ಹರಿಯುತ್ತದೆ. ಇನ್ನು ನಿಜವಾದ ಪರೀಕ್ಷೆ ಮೊದಲ ಕೋಟ್ ಆದ ಮೇಲೆ. ಅಲ್ಲಲ್ಲಿ ಕೆಳಗಿನ ಪ್ರೈಮರ್, ಅಂದರೆ ಬಣ್ಣ ಹಿಡಿಯಲೆಂದು ಮೊದಲೇ ಹೊಡೆದ ಅಡಿಬಣ್ಣ, ಇಣುಕುತ್ತಿರುತ್ತದೆ, ತೇಪೆ ಹಾಕಿದ ಹಾಗೆ ಕಾಣುತ್ತದೆ, ಸುಮ್ನೆ ಬಿಡಲು ಕೈ ಕೇಳುವುದಿಲ್ಲ. ಆದರೆ ಬಿಡಲೇಬೇಕು. ಅರ್ಧ ಒಣಗಿದ ಬಣ್ಣದ ಮೇಲೆ ಮತ್ತೆ ಬ್ರಷ್ ಎಳೆದರೆ ಅದು ಕಿತ್ತುಕೊಂಡು ಬಂದು ತರಿತರಿಯಾಗಿ ನಿಲ್ಲುತ್ತದೆ. ಪೂರ್ತಿ ಒಣಗಲಿ, ಎರಡನೇ ಕೋಟ್ ಕೊಡಿ. ಹಳದಿ, ಬಿಳಿ, ಕೆಂಪು ಬಣ್ಣಗಳು ಮೂರನೆಯದನ್ನೂ ಕೇಳುತ್ತವೆ, ಅದು ನಿಮ್ಮ ತಪ್ಪಲ್ಲ.

ಕಲಸಿದ ಬಣ್ಣ ಬೇಗ ಒಣಗುತ್ತದೆ ಅನ್ನುವವರಿಗೆ ವೆಟ್ ಪ್ಯಾಲೆಟ್ ಇದೆ. ಒಂದು ಚಪ್ಪಟೆ ಡಬ್ಬಿ, ಒಳಗೆ ಒದ್ದೆ ಸ್ಪಾಂಜ್, ಅದರ ಮೇಲೆ ಬೇಕಿಂಗ್ ಪೇಪರ್, ಅಷ್ಟೇ.

ಬ್ರಷ್ ವಿಷಯದಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ. ಗೊಂಬೆ ಚಿಕ್ಕದು, ಹಾಗಾಗಿ ಬ್ರಷ್ ಕೂಡ ಅತಿ ಚಿಕ್ಕದಿರಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ನಾನೂ ಹಾಗೇ ಮಾಡಿದ್ದೆ. ಮೂರು ಸೊನ್ನೆ ಗಾತ್ರದ ಬ್ರಷ್‌ನಲ್ಲಿ ಬಣ್ಣ ನಿಲ್ಲುವುದೇ ಅಷ್ಟು, ಗೊಂಬೆ ಮುಟ್ಟುವ ಹೊತ್ತಿಗೆ ತುದಿಯಲ್ಲೇ ಒಣಗಿರುತ್ತದೆ. ತುದಿ ಚೂಪಾಗಿರುವ 1 ಅಥವಾ 2ನೇ ಗಾತ್ರದ್ದೇ ಸಾಕು. ಕೂದಲನ್ನು ಹಿಡಿದಿರುವ ಲೋಹದ ಪಟ್ಟಿಯವರೆಗೆ ಬಣ್ಣ ಹತ್ತದಂತೆ ನೋಡಿಕೊಳ್ಳಿ, ಅಲ್ಲಿ ಒಣಗಿದರೆ ತುದಿ ಸೀಳುತ್ತದೆ. ತುದಿ ಚೂಪು ಮಾಡಲು ಬಾಯಿಗಿಡುವವರು ತುಂಬಾ ಜನ ಇದ್ದಾರೆ. ಅದು ಬೇಡವೇ ಬೇಡ, ಕೆಲವು ಬಣ್ಣಗಳಲ್ಲಿ ಕ್ಯಾಡ್ಮಿಯಂ, ಕೋಬಾಲ್ಟ್ ಇರುತ್ತವೆ. ಇದನ್ನಂತೂ ನಿಮ್ಮ ಪುಟದಲ್ಲಿ ದಪ್ಪಕ್ಷರದಲ್ಲಿ ಹಾಕಬೇಕು.

ಬಣ್ಣಕ್ಕೆ ಮುಂಚಿನ ಕೆಲಸ ನಿಮ್ಮ ಬರಹದಲ್ಲಿ ಚೆನ್ನಾಗೇ ಬಂದಿದೆ: ಅಚ್ಚಿನ ಗೆರೆ ಕೆರೆದು ತೆಗೆಯುವುದು, ರೆಸಿನ್ ಗೊಂಬೆಯಾದರೆ ಸೋಪಿನ ನೀರಲ್ಲಿ ತೊಳೆಯುವುದು, ಪ್ರೈಮರ್ ಹೊಡೆಯುವುದು. ಗಾಳಿಯಲ್ಲಿ ತೇವ ಜಾಸ್ತಿ ಇರುವ ದಿನ ಸ್ಪ್ರೇ ಪ್ರೈಮರ್ ಬೇಡ ಅಂತ ಒಂದು ಸಾಲು ಸೇರಿಸಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಹೊಸಬರಿಗೆ ಧೈರ್ಯ ಕೊಡುವುದು ವಾಷ್. ನೀರಿನಷ್ಟೇ ತೆಳ್ಳಗಿರುವ ಕಪ್ಪು ಅಥವಾ ಕಂದು ಬಣ್ಣ ಅದು. ಆ ಸಿಪಾಯಿಯ ಸಣ್ಣ ಸಣ್ಣ ಲೋಹದ ಬಳೆ ಹೆಣೆದ ಸರಪಳಿ ಅಂಗಿಗೆ ಬೆಳ್ಳಿ ಬಣ್ಣ ಹೊಡೆದಾಗ ತಗಡು ಸುತ್ತಿದ ಹಾಗೆ ಕಾಣುತ್ತಿತ್ತು. ಅದು ಒಣಗಿದ ಮೇಲೆ ಕಪ್ಪು ವಾಷ್ ಹಾಕಿದೆ. ನೋಡನೋಡುತ್ತಲೇ ಅದು ಒಂದೊಂದು ಬಳೆಯ ಸಂದಿಗೂ ಇಳಿಯಿತು, ಬಳೆಗಳ ಮೇಲಂಚು ಮಾತ್ರ ಹೊಳೆಯುತ್ತಾ ಉಳಿಯಿತು. ಮೂಗಿಲ್ಲದ ಅವನೇ ಮೇಜಿನ ಮೇಲೆ ಎದ್ದು ನಿಂತ ಹಾಗಾಯಿತು! ಸೊಂಟದ ಪಟ್ಟಿಯ ಕೆಳಗೆ ವಾಷ್ ಮಡುಗಟ್ಟಿತ್ತು, ಅದನ್ನು ಒದ್ದೆ ಬ್ರಷ್‌ನಿಂದ ಹೀರಿ ತೆಗೆದೆ. ಬಿಟ್ಟಿದ್ದರೆ ಕಲೆಯಾಗಿ ಉಳಿಯುತ್ತಿತ್ತು.

ಇನ್ನೊಂದು ಮಾತು. ಗೊಂಬೆಯನ್ನು ಆಡುವವರು ನೋಡುವುದು ಎರಡು ಮೂರು ಅಡಿ ದೂರದಿಂದ. ಫೋಟೋದಲ್ಲಿ ಮುಖ ಹೆಬ್ಬೆರಳಿನಷ್ಟು ದೊಡ್ಡದಾಗಿರುತ್ತದೆ, ಅಲ್ಲಿ ಕಾಣುವ ಲೋಪ ಮೇಜಿನ ಮೇಲೆ ಕಾಣುವುದೇ ಇಲ್ಲ. ಕಣ್ಣಿನ ಗುಡ್ಡೆ ಬರೆಯಲು ಆಗದಿದ್ದರೆ ಬಿಟ್ಟುಬಿಡಿ, ಗುಳಿಯಲ್ಲಿ ವಾಷ್‌ನ ನೆರಳು ನಿಂತರೆ ಆ ದೂರದಿಂದ ಅದೇ ಕಣ್ಣು.

ಹಾಗಾಗಿ ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ಈ ವಿಷಯ ಹಾಕುವಾಗ ಮುಗಿದ ಗೊಂಬೆಯ ಪಕ್ಕದಲ್ಲೇ, ಅದೇ ಗೊಂಬೆ ಮೊದಲ ಕೋಟ್‌ನಲ್ಲಿ ತೇಪೆ ತೇಪೆಯಾಗಿ ನಿಂತಿರುವ ಫೋಟೋವನ್ನೂ ಹಾಕಿ.

ಇಂತಿ,
ನಿಮ್ಮ ಓದುಗ