'ಪ್ರೇಕ್ಷಕರು ಒಪ್ಪುವುದಿಲ್ಲ' ಎನ್ನುವ ಮುನ್ನ

ಮಾನ್ಯ ಸಂಪಾದಕರೇ,

ಧಾರಾವಾಹಿಯಲ್ಲಿ ಇಬ್ಬರು ಗಂಡಸರ ಅಥವಾ ಇಬ್ಬರು ಹೆಂಗಸರ ಪ್ರೀತಿಯ ಕಥೆ ತರೋಣ ಎಂದಾಗಲೆಲ್ಲ ಎದುರಾಗುವ ಮೊದಲ ಮಾತು, 'ಪ್ರೇಕ್ಷಕರು ಇದನ್ನು ಒಪ್ಪುವುದಿಲ್ಲ' ಎಂಬುದು. ಕಿರುತೆರೆಯ ಐವತ್ತು ವರ್ಷಗಳ ಅನುಭವದ ಮುಂದೆ ಈ ಮಾತು ನಿಲ್ಲುವುದಿಲ್ಲ. ಪ್ರೇಕ್ಷಕರು ಬೇಡವೆಂದ ಜೋಡಿಗಳಿವೆ, ತಲೆಯ ಮೇಲೆ ಹೊತ್ತು ಮೆರೆಸಿದ ಜೋಡಿಗಳೂ ಇವೆ. ಕಥೆ ಕಟ್ಟಿದ ರೀತಿಯನ್ನು ನೋಡದೆ ಈ ವ್ಯತ್ಯಾಸ ಅರ್ಥವಾಗುವುದಿಲ್ಲ.

ಬ್ರೆಜಿಲ್‌ನ ಗ್ಲೋಬೊ ವಾಹಿನಿಯನ್ನೇ ನೋಡಿ. 1998ರಲ್ಲಿ ಅದರ 'ಟೋರೆ ಡಿ ಬಾಬೆಲ್' ಧಾರಾವಾಹಿಯಲ್ಲಿ ಒಟ್ಟಿಗೆ ಬಾಳುವ ಇಬ್ಬರು ಮಹಿಳೆಯರಿದ್ದರು. ವಿರೋಧ ಬಂತು, ಶಾಪಿಂಗ್ ಮಾಲ್ ಸ್ಫೋಟದಲ್ಲಿ ಇಬ್ಬರನ್ನೂ ಸಾಯಿಸಲಾಯಿತು. 2005ರಲ್ಲಿ 'ಅಮೆರಿಕಾ' ಧಾರಾವಾಹಿಯ ಕೊನೆಯ ಕಂತಿಗಾಗಿ ಇಬ್ಬರು ಯುವಕರ ಚುಂಬನ ಚಿತ್ರೀಕರಣವಾಗಿತ್ತು, ಆದರೆ ಪ್ರಸಾರವಾಗಲಿಲ್ಲ. ಇಷ್ಟನ್ನೇ ನೋಡಿದವರು ಅಲ್ಲಿನ ಜನ ಇದಕ್ಕೆ ಎಂದೂ ಒಗ್ಗುವುದಿಲ್ಲ ಎಂದೇ ತೀರ್ಮಾನಿಸಿರಬಹುದು. ಆದರೆ 2013ರಲ್ಲಿ ಶುರುವಾದ 'ಅಮೋರ್ ಆ ವಿದಾ'ದ ಫೆಲಿಕ್ಸ್ ಆ ಲೆಕ್ಕವನ್ನು ತಲೆಕೆಳಗು ಮಾಡಿದ. ಅವನು ಖಳನಾಯಕ, ಸೋದರಿಯ ಆಗಷ್ಟೇ ಹುಟ್ಟಿದ ಮಗುವನ್ನು ಕಸದ ತೊಟ್ಟಿಗೆ ಹಾಕಿದವನು. ಆದರೆ ಇನ್ನೂರಕ್ಕೂ ಹೆಚ್ಚು ಕಂತುಗಳಲ್ಲಿ ಅವನ ಚುರುಕು ಮಾತು, ಪಶ್ಚಾತ್ತಾಪ, ತಂದೆಯ ಒಂದು ಒಳ್ಳೆಯ ಮಾತಿಗಾಗಿ ಅವನು ಕಾದದ್ದು ಎಲ್ಲವನ್ನೂ ಜನ ನೋಡಿದರು. 2014ರ ಜನವರಿ 31ರ ಕೊನೆಯ ಕಂತಿನಲ್ಲಿ ಅವನೂ ಅವನು ಪ್ರೀತಿಸಿದ ನಿಕೋನೂ ಮುತ್ತಿಟ್ಟುಕೊಂಡಾಗ ಪ್ರೇಕ್ಷಕರು ಸಂಭ್ರಮಿಸಿದರು. ಮಗನನ್ನು ಧಿಕ್ಕರಿಸುತ್ತಲೇ ಬಂದಿದ್ದ ತಂದೆ, ಕೊನೆಗೆ ಅವನ ಆರೈಕೆಯಲ್ಲೇ ಬದುಕುತ್ತಾ ಅವನನ್ನು ಪ್ರೀತಿಸುತ್ತೇನೆ ಎನ್ನುವ ದೃಶ್ಯದೊಂದಿಗೆ ಕಥೆ ಮುಗಿಯಿತು.

ಅದಾಗಿ ಒಂದೂಕಾಲು ವರ್ಷವೂ ಕಳೆದಿರಲಿಲ್ಲ. ಅದೇ ವಾಹಿನಿ, ಅದೇ ರಾತ್ರಿ ಒಂಬತ್ತರ ಹೊತ್ತು. 2015ರ ಮಾರ್ಚ್ 16ರಂದು 'ಬಾಬಿಲೋನಿಯಾ' ಶುರುವಾಯಿತು. ಮೊದಲ ಕಂತಿನಲ್ಲೇ ಎಷ್ಟೋ ವರ್ಷಗಳಿಂದ ಜೊತೆಯಾಗಿ ಬಾಳಿದ ಇಬ್ಬರು ವೃದ್ಧೆಯರ ಚುಂಬನವಿತ್ತು. ನಟಿಸಿದವರು ಫರ್ನಾಂಡಾ ಮೊಂಟೆನೆಗ್ರೊ ಮತ್ತು ನಥಾಲಿಯಾ ತಿಂಬರ್ಗ್, ಆ ದೇಶದ ಅತ್ಯಂತ ಗೌರವಾನ್ವಿತ ಕಲಾವಿದೆಯರು. ಆದರೂ ಬಹಿಷ್ಕಾರದ ಕರೆ ಬಂತು, ರೇಟಿಂಗ್ ಕುಸಿಯಿತು, ಕಥೆಯನ್ನು ತಿದ್ದಲಾಯಿತು, 143 ಕಂತುಗಳಿಗೇ ಧಾರಾವಾಹಿ ಮುಗಿಯಿತು. ತಪ್ಪೆಲ್ಲ ಆ ಮುತ್ತಿನ ತಲೆಗೆ ಬಂತು. ಆದರೆ ಆರಂಭದ ಕಂತುಗಳ ತುಂಬ ಕೊಲೆ, ಲಂಚ, ಒಳಸಂಚು ಇದ್ದವು. ಮುಂದಿನ ವಾರವೇ, ಮಾರ್ಚ್ 23ರಂದು, ಎದುರಾಳಿ ರೆಕಾರ್ಡ್ ವಾಹಿನಿ ಬೈಬಲ್ ಕಥೆಯ ಅದ್ದೂರಿ ಧಾರಾವಾಹಿ ಆರಂಭಿಸಿತು. ಇವನ್ನೆಲ್ಲ ಬಿಟ್ಟು ಒಂದೇ ದೃಶ್ಯವನ್ನು ಹೊಣೆ ಮಾಡುವುದು ಅನ್ಯಾಯ. ಆ ಚುಂಬನ ತಪ್ಪು ಎಂದು ನಾನು ಹೇಳುತ್ತಿಲ್ಲ. ಫೆಲಿಕ್ಸ್‌ನನ್ನು ಜನ ಎಂಟು ತಿಂಗಳು ಬಲ್ಲವರಾಗಿದ್ದರು, ಈ ಇಬ್ಬರ ಜೊತೆ ಅವರಿಗೆ ಇನ್ನೂ ಒಂದು ಗಂಟೆಯ ಪರಿಚಯವೂ ಆಗಿರಲಿಲ್ಲ.

ಧಾರಾವಾಹಿಯ ಬಲವೇ ಈ ಪರಿಚಯದಲ್ಲಿದೆ. ಅರ್ಧ ಗಂಟೆಯ ಕಂತಿನಲ್ಲಿ ಜಾಹೀರಾತು ಕಳೆದರೆ ಉಳಿಯುವುದು ಸುಮಾರು 22 ನಿಮಿಷ. ವಾರಕ್ಕೆ ಐದು ಕಂತಿನಂತೆ ನಾಲ್ಕು ವಾರಕ್ಕೆ ಏಳು ಗಂಟೆಗೂ ಮಿಕ್ಕಿದ ಒಡನಾಟ. ತೆರೆಯ ಮೇಲಿನವರೊಂದಿಗೆ ನೋಡುಗರಲ್ಲಿ ಬೆಳೆಯುವ ಈ ನಂಟನ್ನು ಸಂಶೋಧಕರಾದ ಹಾರ್ಟನ್ ಮತ್ತು ವೋಲ್ 1956ರಲ್ಲೇ ವಿವರಿಸಿದ್ದರು. ಇಂಥ ನಂಟು ಪೂರ್ವಗ್ರಹವನ್ನು ತಗ್ಗಿಸಬಲ್ಲದು ಎಂದು 2005ರಲ್ಲಿ ಎಡ್ವರ್ಡ್ ಷಿಯಾಪ್ಪಾ ಮತ್ತು ಸಂಗಡಿಗರು ತೋರಿಸಿದರು. ಸಲಿಂಗಿಗಳ ಪರಿಚಯ ನಿಜಜೀವನದಲ್ಲಿ ಅಷ್ಟಾಗಿ ಇಲ್ಲದವರಲ್ಲೇ ಇಂಥ ಪಾತ್ರಗಳನ್ನು ನೋಡುವುದಕ್ಕೂ ಪೂರ್ವಗ್ರಹ ಕಡಿಮೆಯಿರುವುದಕ್ಕೂ ನಡುವಿನ ಸಂಬಂಧ ಹೆಚ್ಚು ಎದ್ದು ಕಾಣುತ್ತದೆ ಎಂದು ಮರುವರ್ಷದ ಅವರ ಅಧ್ಯಯನ ಹೇಳಿತು. 'ಒಪ್ಪುವುದಿಲ್ಲ' ಎಂದು ನಾವು ಯಾರನ್ನು ಬದಿಗೆ ಸರಿಸುತ್ತೇವೋ ಅವರೇ ಇವರು.

ಹಾಗಾಗಿ ಬರೆಯುವವರಿಗೆ ಕ್ರಮ ಮುಖ್ಯ. ಮೊದಲ ಮೂವತ್ತು ನಲವತ್ತು ಕಂತುಗಳಲ್ಲಿ ಆ ಪಾತ್ರಕ್ಕೆ ಒಂದು ಕೆಲಸ, ತೀರಿಸಬೇಕಾದ ಸಾಲ, ಜಗಳವಾಡಲು ಒಬ್ಬ ಅಣ್ಣ, ಕಷ್ಟಕ್ಕೆ ಓಡಿ ಬರುವ ಒಬ್ಬ ನೆರೆಯವನು ಬೇಕು. 1972ರಲ್ಲಿ ಆಸ್ಟ್ರೇಲಿಯಾದ 'ನಂಬರ್ 96' ಧಾರಾವಾಹಿಯ ಡಾನ್ ಫಿನ್ಲೇಸನ್ ಒಂದು ವಸತಿ ಕಟ್ಟಡದ ನೆರೆಹೊರೆಯವರ ನಡುವೆ ಬದುಕುವ ವಕೀಲ, ಸಭ್ಯ ಮನುಷ್ಯ. ಜನ ಅವನನ್ನು ಹಾಗೆಯೇ ಸ್ವೀಕರಿಸಿದರು. ಹೊಸಬನನ್ನು ತಂದು ಎರಡನೇ ವಾರದಲ್ಲೇ ಗುಟ್ಟು ಬಯಲು ಮಾಡಿದರೆ ಅವನು ಮನುಷ್ಯನಾಗಿ ಉಳಿಯುವುದಿಲ್ಲ, ಮನೆಗೆ ಬಂದ ಸಮಸ್ಯೆಯಾಗುತ್ತಾನೆ. ಹಳೆಯ ಪಾತ್ರವನ್ನೇ ಆರಿಸಿಕೊಳ್ಳುವುದು ಇನ್ನೂ ಒಳ್ಳೆಯದು. ಅಮೆರಿಕದ 'ಆಲ್ ಮೈ ಚಿಲ್ಡ್ರನ್'ನ ಬಿಯಾಂಕಾ 1988ರಲ್ಲಿ ಆ ಕಥೆಯಲ್ಲೇ ಹುಟ್ಟಿದ ಮಗು. 2000ದಲ್ಲಿ ಅವಳು ತನಗೆ ಹೆಣ್ಣಿನ ಮೇಲೆ ಪ್ರೀತಿ ಎಂದಾಗ, ಅವಳನ್ನು ಎತ್ತಿ ಆಡಿಸಿದಷ್ಟು ಸಲಿಗೆಯಿಂದ ಬಲ್ಲ ಪ್ರೇಕ್ಷಕರಿದ್ದರು. ಆದರೆ ಹಳೆಯ ಪಾತ್ರ ಈ ಹಿಂದೆ ಬೇರೆ ಪ್ರೇಮಪ್ರಸಂಗಗಳಲ್ಲಿ ಓಡಾಡಿದ್ದರೆ ಅದಕ್ಕೆ ಉತ್ತರ ಕೊಡಬೇಕು. ಇಲ್ಲವಾದರೆ ಟಿಆರ್‌ಪಿಗಾಗಿ ಕಥೆ ತಿರುಚಿದರು ಎನ್ನುತ್ತಾರೆ, ಅವರು ಹೇಳುವುದೂ ಸರಿಯೇ.

ಗುಟ್ಟು ಬಯಲಾಗುವ ದೃಶ್ಯದ ಸಂಕಲನದಲ್ಲೂ ಎಚ್ಚರ ಬೇಕು. ಮನೆಮಂದಿಯೆಲ್ಲರ ಮುಖಕ್ಕೆ ಒಂದಾದ ಮೇಲೊಂದು ಕ್ಲೋಸ್‌ಅಪ್, ಪ್ರತಿ ಮುಖಕ್ಕೂ ಗುಡುಗಿನ ಸದ್ದು, ಯಾರದೋ ಕೈಯಿಂದ ಜಾರಿ ಬೀಳುವ ತಟ್ಟೆ: ಕೊಲೆಯ ಸುದ್ದಿ ಬಂದಾಗ ಬಳಸುವ ತಂತ್ರಗಳೇ ಇವು. ನೋಡುಗರಿಗೆ ಗಾಬರಿಯಾಗಬೇಕೆಂದು ನಾವೇ ಹೇಳಿಕೊಟ್ಟು, ಆಮೇಲೆ ಅವರು ಗಾಬರಿಯಾದರು ಎಂದು ದೂರುವುದು ಎಷ್ಟು ಸರಿ? ಹಿನ್ನೆಲೆ ಸಂಗೀತ ನಿಲ್ಲಿಸಿ. ಪ್ರೇಕ್ಷಕರು ಅತಿ ಹೆಚ್ಚು ನಂಬುವ ಹಿರಿಯ ಪಾತ್ರವೊಂದನ್ನು ಮಾತ್ರ ಎದುರಿಗೆ ಕೂರಿಸಿ. ಅವರಿಗೆ ಸಿಟ್ಟು ಬರಲಿ, ಅಳು ಬರಲಿ, ಒಪ್ಪಲು ತಿಂಗಳುಗಳೇ ಹಿಡಿಯಲಿ. ನೋಡುಗರು ಅವರ ಜೊತೆಯೇ ನಡೆದು ಬರುತ್ತಾರೆ.

ಅರೆಮನಸ್ಸು ಇನ್ನೊಂದು ದೊಡ್ಡ ದೋಷ. ಅಮೆರಿಕದ 'ಆ್ಯಸ್ ದಿ ವರ್ಲ್ಡ್ ಟರ್ನ್ಸ್' ಧಾರಾವಾಹಿಯಲ್ಲಿ ಲ್ಯೂಕ್ ಮತ್ತು ನೋವಾ ಎಂಬ ಯುವಕರು 2007ರ ಆಗಸ್ಟ್ 17ರಂದು ಮೊದಲ ಬಾರಿ ಮುತ್ತಿಟ್ಟುಕೊಂಡರು. ಸೆಪ್ಟೆಂಬರ್‌ನಲ್ಲಿ ಇನ್ನೊಂದು ಬಾರಿ. ಅಲ್ಲಿಂದ 2008ರ ಏಪ್ರಿಲ್‌ವರೆಗೆ ಮತ್ತೆ ಇಲ್ಲವೇ ಇಲ್ಲ. ಕ್ರಿಸ್ಮಸ್ ಕಂತಿನಲ್ಲಿ ಇಬ್ಬರೂ ಹತ್ತಿರ ಬರುವಷ್ಟರಲ್ಲಿ ಕ್ಯಾಮೆರಾ ಮೇಲಕ್ಕೆ ಸರಿದು ಅಲಂಕಾರದ ಎಲೆಗೊಂಚಲನ್ನು ತೋರಿಸಿತು. ಉಳಿದ ಜೋಡಿಗಳಿಗೆ ಇಂಥ ಕಟ್ಟುಪಾಡು ಇರಲಿಲ್ಲ. ಅಭಿಮಾನಿಗಳು ದಿನ ಎಣಿಸಿ ಆಂದೋಲನ ನಡೆಸಿದರು, ವಿರೋಧಿಗಳೂ ಸುಮ್ಮನಾಗಲಿಲ್ಲ. ಇಬ್ಬರನ್ನೂ ಮೆಚ್ಚಿಸಲು ಹೋದರೆ ಇಬ್ಬರಿಂದಲೂ ಬೈಗುಳ ತಪ್ಪದು. ಚುಂಬನವೊಂದನ್ನೇ ಅಳತೆಗೋಲು ಮಾಡಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಬಿಲ್ ಕಟ್ಟುವ ಜಗಳ, ಜ್ವರ ಬಂದಾಗಿನ ಆರೈಕೆ ಆ ಜೋಡಿಗೂ ಸಿಗುತ್ತಿದೆಯೇ? ಒಂದು ತಿಂಗಳ ಕಂತುಗಳನ್ನು ಮುಂದಿಟ್ಟುಕೊಂಡು ಉಳಿದ ಜೋಡಿಗಳ ದೃಶ್ಯಗಳ ಜೊತೆ ಎಣಿಸಿ ನೋಡಿದರೆ ತಿಳಿಯುತ್ತದೆ.

ಇನ್ನು ಪ್ರೇಕ್ಷಕರ ಮನಸ್ಸನ್ನು ಅಳೆಯುವ ವಿಧಾನ. ಸಮೀಕ್ಷೆಯಲ್ಲಿ 'ಇಂಥ ಕಥೆ ಬರಬಹುದೇ?' ಎಂದು ಕೇಳಿದರೆ 'ನನಗೇನೂ ಅಭ್ಯಂತರವಿಲ್ಲ, ಆದರೆ ಬೇರೆಯವರು ಒಪ್ಪಲಿಕ್ಕಿಲ್ಲ' ಎಂಬ ಉತ್ತರ ಬರುತ್ತದೆ. ಮಾಧ್ಯಮದ ಪ್ರಭಾವ ತನಗಿಂತ ಇತರರ ಮೇಲೇ ಹೆಚ್ಚು ಎಂದು ಜನ ಸಾಮಾನ್ಯವಾಗಿ ಭಾವಿಸುವುದನ್ನು ಸಮಾಜಶಾಸ್ತ್ರಜ್ಞ ಫಿಲಿಪ್ಸ್ ಡೇವಿಸನ್ 1983ರಲ್ಲೇ ಗುರುತಿಸಿದ್ದರು. ಮನೆಯವರೆಲ್ಲ ಒಂದೇ ಟಿವಿ ಮುಂದೆ ಕೂತಾಗ ಈ ಅಳುಕು ಇನ್ನೂ ಜಾಸ್ತಿ. ಮಾವನ ಎದುರು ಸೊಸೆ ರಿಮೋಟ್ ಒತ್ತುವುದು ಕಥೆ ಹಿಡಿಸದೆಯೇ ಆಗಬೇಕೆಂದಿಲ್ಲ, ಅವಳು ಅದೇ ಕಂತನ್ನು ಮೊಬೈಲ್‌ನಲ್ಲಿ ಆಮೇಲೆ ನೋಡಬಹುದು. ಆದ್ದರಿಂದ ಕಥೆ ತಿರುವು ಪಡೆದ ವಾರದ ಅಂಕಿ ಒಂದನ್ನೇ ನೋಡಿ ನಿರ್ಧರಿಸಬಾರದು. ಅದಕ್ಕೂ ಹಿಂದಿನ ನಾಲ್ಕು ವಾರ, ಆಮೇಲಿನ ಎಂಟು ವಾರ, ಅದೇ ಹೊತ್ತಿಗೆ ಎದುರಾಳಿ ವಾಹಿನಿಯಲ್ಲಿ ಏನಿತ್ತು, ಕ್ರಿಕೆಟ್ ಪಂದ್ಯವಿತ್ತೇ, ಆನ್‌ಲೈನ್‌ನಲ್ಲಿ ಎಷ್ಟು ಜನ ನೋಡಿದರು, ಇಷ್ಟೂ ಬೇಕು.

ದೂರುಗಳನ್ನೂ ಬಿಡಿಸಿ ನೋಡಬೇಕು. ಅಕ್ಷರ ಬದಲಾಗದ ಒಂದೇ ಒಕ್ಕಣೆಯ ಪತ್ರಗಳು ರಾಶಿಗಟ್ಟಲೆ ಬಂದರೆ ಅವು ಆಂದೋಲನದ ಪತ್ರಗಳು. ಬರೆದವರು ಧಾರಾವಾಹಿ ನೋಡುವವರೇ ಎಂಬುದು ಪಾತ್ರದ ಹೆಸರು, ಹಿಂದಿನ ಕಂತಿನ ಉಲ್ಲೇಖದಿಂದ ಬೇಗ ತಿಳಿಯುತ್ತದೆ. ತಮ್ಮ ಪತ್ರಿಕೆಯ ಕಿರುತೆರೆ ಪುಟದಲ್ಲಿ 'ಧಾರಾವಾಹಿಗೆ ಪ್ರೇಕ್ಷಕರ ವಿರೋಧ' ಎಂಬ ಸುದ್ದಿ ಬಂದಾಗ ಬಂದ ದೂರುಗಳೆಷ್ಟು, ಅವುಗಳಲ್ಲಿ ಒಂದೇ ಒಕ್ಕಣೆಯವು ಎಷ್ಟು, ವಾಹಿನಿಗೆ ಬಂದ ಮೆಚ್ಚುಗೆಯ ಪತ್ರಗಳೆಷ್ಟು ಎಂಬ ಮೂರು ಅಂಕಿಗಳನ್ನೂ ದಯವಿಟ್ಟು ಪ್ರಕಟಿಸಿ.

ಇತಿ,
ತಮ್ಮ ಪತ್ರಿಕೆಯ ಓದುಗ