ಎಸ್‌ಎಆರ್ ಅಂಕಿ ಕೊಟ್ಟರೆ ಸಾಲದು

ಮಾನ್ಯ ಸಂಪಾದಕರೇ,

ಹೊಸ ಮೊಬೈಲ್‌ಗಳನ್ನು ಪರಿಚಯಿಸುವಾಗ ಕ್ಯಾಮೆರಾ, ಬ್ಯಾಟರಿಗಳ ಜೊತೆ, ಫೋನಿನ ತರಂಗಗಳಿಂದ ದೇಹ ಹೀರಿಕೊಳ್ಳುವ ಶಕ್ತಿಯ ಅಳತೆಯಾದ ‘ಎಸ್‌ಎಆರ್’ ಅಂಕಿಯನ್ನೂ ಕೊಡುವ ರೂಢಿ ಪತ್ರಿಕೆಗಳಲ್ಲಿದೆ. ಕೊಡಲಿ. ಆದರೆ 1.3 ಇರುವ ಫೋನಿಗಿಂತ 0.9 ಇರುವುದು ಹೆಚ್ಚು ಸುರಕ್ಷಿತ ಎಂಬಂತೆ ಬರೆಯುವುದಕ್ಕೆ ನನ್ನ ತಕರಾರಿದೆ. ನನ್ನ ತಂಗಿ ಇದೇ ಲೆಕ್ಕ ನಂಬಿ, ಮೆಚ್ಚಿದ್ದ ಫೋನನ್ನು ಬಿಟ್ಟು ಬೇರೆಯದು ತಂದಳು. ಅವಳೆದುರೇ ನನ್ನ ಹಳೇ ಫೋನಿನಲ್ಲಿ ಎಸ್‌ಎಆರ್ ತೋರಿಸುವ *#07# ಒತ್ತಿದೆ. ತೆರೆಯ ಮೇಲೆ ಎರಡು ಅಂಕಿ ಬಂದವು, ತಲೆಗೊಂದು, ಮೈಗೊಂದು. ‘ಇದರಲ್ಲಿ ಯಾವುದನ್ನ ನೋಡ್ಬೇಕು?’ ಎಂದಳು. ಉತ್ತರ ಹೇಳಿ ಮುಗಿಸಲು ಅರ್ಧ ಗಂಟೆ ಹಿಡಿಯಿತು.

ದೇಹದ ಅಂಗಾಂಶ ಕಿಲೋಗೆ ಎಷ್ಟು ವ್ಯಾಟ್‌ನಂತೆ ರೇಡಿಯೊ ಶಕ್ತಿ ಹೀರಿಕೊಳ್ಳುತ್ತದೆ ಎಂಬುದೇ ಎಸ್‌ಎಆರ್. ತಲೆ ಮತ್ತು ಮುಂಡಕ್ಕೆ ಅಮೆರಿಕ, ಭಾರತಗಳಲ್ಲಿ ಇದರ ಮಿತಿ 1.6, ಯುರೋಪಿನಲ್ಲಿ 2. ಎರಡನ್ನೂ ಪಕ್ಕಪಕ್ಕ ಇಟ್ಟು ತೂಗುವ ಹಾಗಿಲ್ಲ. 1.6 ಎಂಬುದು 1 ಗ್ರಾಂ ಅಂಗಾಂಶದ ಮೇಲೆ ತೆಗೆದ ಸರಾಸರಿ, 2 ಎಂಬುದು 10 ಗ್ರಾಂ ಮೇಲೆ ತೆಗೆದದ್ದು. ಒಂದೇ ಫೋನನ್ನು ಎರಡೂ ಬಗೆಯಲ್ಲಿ ಅಳೆದರೆ ಎರಡು ಬೇರೆ ಉತ್ತರ ಬರುತ್ತದೆ.

ಇನ್ನು ಅಳೆಯುವ ಬಗೆ. ದ್ರವ ತುಂಬಿದ ತಲೆಯಾಕಾರದ ಅಚ್ಚಿನ ಪಕ್ಕ ಫೋನಿಟ್ಟು, ಅದು ಗರಿಷ್ಠ ಶಕ್ತಿಯಲ್ಲಿ ತರಂಗ ಹೊಮ್ಮಿಸುವಂತೆ ಮಾಡುತ್ತಾರೆ. ನಮ್ಮ ಕಿವಿಯ ಬಳಿ ಫೋನು ಹಾಗಿರುವುದು ಅಪರೂಪ. ಸಿಗ್ನಲ್ ಚೆನ್ನಾಗಿದ್ದರೆ ಅದು ಪಿಸುಗುಟ್ಟುತ್ತದೆ. ಲಿಫ್ಟ್‌ನಲ್ಲೋ ನೆಲಮಾಳಿಗೆಯಲ್ಲೋ ಸಿಗ್ನಲ್ ಒಂದೇ ಗೆರೆಗೆ ಇಳಿದಾಗ, ಟವರಿಗೆ ಕೇಳಿಸಲೆಂದು ಕೂಗುತ್ತದೆ. ಹೀಗೆ ಕೂಗುತ್ತಿರುವ 0.9ರ ಫೋನಿಗಿಂತ ಪಿಸುಗುಟ್ಟುವ 1.3ರ ಫೋನೇ ತಲೆಗೆ ಕಡಿಮೆ ಶಕ್ತಿ ಕೊಡಬಹುದು. ಟವರ್ ಹತ್ತಿರ ಬೇಡವೆಂದು ಗಲಾಟೆ ಮಾಡಿ ಓಡಿಸಿದವರ ಫೋನೂ ಹೀಗೆಯೇ ಕೂಗಬೇಕಾಗುತ್ತದೆ, ಅದೂ ಕಿವಿಗೆ ಅಂಟಿಕೊಂಡು!

ಮಿತಿ ದಾಟಿದರೆ ಅನಾಹುತವೇ? 2023ರಲ್ಲಿ ಫ್ರಾನ್ಸ್‌ನ ನಿಯಂತ್ರಣ ಸಂಸ್ಥೆಯ ಪರೀಕ್ಷೆಯಲ್ಲಿ ಐಫೋನ್ 12, ಕೈಕಾಲುಗಳಿಗೆ ಇರುವ 4ರ ಮಿತಿ ಮೀರಿ 5.74 ತೋರಿಸಿತು. ಮಾರಾಟ ನಿಂತಿತು, ಕಂಪನಿ ಸಾಫ್ಟ್‌ವೇರ್ ತಿದ್ದಿತು. ನಿಯಮ ಜಾರಿಯಾಗಬೇಕಾದದ್ದೇ ಹಾಗೆ. ಆದರೆ ಅದನ್ನು ಬಳಸಿದವರ ಕೈ ಸುಟ್ಟಿತೆಂದು ಅರ್ಥವಲ್ಲ. ತಲೆ ಮತ್ತು ಮುಂಡಕ್ಕೆ ಅಂತರರಾಷ್ಟ್ರೀಯ ಮಾರ್ಗಸೂಚಿ ಇಟ್ಟಿರುವ 2ರ ಮಿತಿಯೇ, ಬಿಸಿಯಿಂದ ಹಾನಿ ಶುರುವಾಗಬಹುದೆಂದು ಎಣಿಸಿದ ಮಟ್ಟದ ಹತ್ತರಲ್ಲೊಂದು.

ಬಿಸಿಯನ್ನು ಬಿಟ್ಟು ಬೇರೇನೂ ಇಲ್ಲವೇ ಎಂದು ಕೇಳುವವರನ್ನು ನಾನು ಹಗುರವಾಗಿ ಕಾಣುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವೇ 2011ರಲ್ಲಿ ಈ ತರಂಗಗಳನ್ನು ‘ಕ್ಯಾನ್ಸರ್‌ಕಾರಕ ಆಗಿರಬಹುದು’ ಎಂಬ ವರ್ಗಕ್ಕೆ ಸೇರಿಸಿತು. ಮುಂದೆ ಅದೇ ಸಂಸ್ಥೆ ಮಾಡಿಸಿದ, 2024ರಲ್ಲಿ ಪ್ರಕಟವಾದ ದೊಡ್ಡ ಪರಾಮರ್ಶೆಗೆ ಮೊಬೈಲ್ ಬಳಕೆಗೂ ಮಿದುಳಿನ ಕ್ಯಾನ್ಸರಿಗೂ ನಂಟು ಕಾಣಲಿಲ್ಲ. ಮೊದಲಿನದಕ್ಕೆ ಸಿಕ್ಕ ದಪ್ಪಕ್ಷರದ ತಲೆಬರಹ ಎರಡನೆಯದಕ್ಕೆ ಸಿಕ್ಕಿದ್ದನ್ನು ನಾನಂತೂ ನೋಡಲಿಲ್ಲ.

ಎಸ್‌ಎಆರ್ ಅಂಕಿ ಕೊಡುವುದಾದರೆ ಅದು 1 ಗ್ರಾಂ ಲೆಕ್ಕವೋ 10 ಗ್ರಾಂ ಲೆಕ್ಕವೋ, ಮೈಯಿಂದ ಎಷ್ಟು ಮಿಲಿಮೀಟರ್ ದೂರವಿಟ್ಟು ಅಳೆದದ್ದು ಎಂಬುದನ್ನೂ ಕೊಡಿ. ಅಷ್ಟು ಜಾಗವಿಲ್ಲ ಎನ್ನುವುದಾದರೆ ಅಂಕಿಯನ್ನೇ ಕೈಬಿಟ್ಟು, ಸಿಗ್ನಲ್ ಒಂದೇ ಗೆರೆಯಿದ್ದಾಗ ಇಯರ್‌ಫೋನ್ ಹಾಕಿಕೊಂಡು ಮಾತಾಡಿ ಎಂದು ಒಂದು ಸಾಲು ಹಾಕಿ.

ಇಂತಿ,
ನಿಮ್ಮ ಓದುಗ